ಪಿನ್ ಹೊಡೆದ ಹಾಳೆಗಳು

ಹತ್ತನೆಯ ನೋಟ್‌ಬುಕ್ಕಿಗೆ ನನ್ನ ಕೆಂಪು ಪೆನ್ನು ನಿಂತಿತು. 'ಈ ಕಾದಂಬರಿಯು ಓದುಗರ ಮನಸ್ಸನ್ನು ಸೂರೆಗೊಳ್ಳುತ್ತದೆ. ಲೇಖಕರು ಸಮಾಜದ ಓರೆಕೋರೆಗಳನ್ನು ಎತ್ತಿ ತೋರಿಸಿದ್ದಾರೆ.' ಹಿಂದಿನ ಒಂಬತ್ತರಲ್ಲೂ ಇದೇ ಎರಡು ವಾಕ್ಯ, ಇದೇ ಕ್ರಮ. ಒಬ್ಬ ಮಾತ್ರ 'ಸೂರೆಗೊಳ್ಳುತ್ತದೆ' ಎನ್ನುವಲ್ಲಿ 'ಸೆರೆಗೊಳ್ಳುತ್ತದೆ' ಎಂದು ಬರೆದಿದ್ದ. ನಕಲು ಮಾಡುವಾಗಲೂ ಅವನಿಗೆ ಎಚ್ಚರವಿರಲಿಲ್ಲ. ಉಳಿದವನ್ನು ಮಗುಚಿ ನೋಡಿದೆ. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಸಿಗುವ ಗೈಡು ನನ್ನ ಮೇಜಿನ ಮೇಲೆ ಮೂವತ್ತೊಂದು ಸಲ ಬಿದ್ದುಕೊಂಡಿತ್ತು.

ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ನಾನಾಗ ತಾತ್ಕಾಲಿಕ ಉಪನ್ಯಾಸಕಿ. ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಓಡಾಟ. ಪದವಿ ತರಗತಿಗಳಿಗೆ ಸೆಮಿಸ್ಟರ್ ಪದ್ಧತಿ ಹೊಸದಾಗಿ ಬಂದಿತ್ತು. ಅದರ ಜೊತೆ ಆಂತರಿಕ ಅಂಕಗಳೂ ಬಂದಿದ್ದವು. ಅಂದರೆ ಪರೀಕ್ಷೆಯ ಹೊರಗೆ, ತರಗತಿಯ ಕೆಲಸಕ್ಕೆ ನಾವೇ ಕೊಡುವ ಅಂಕ. ಬಿ.ಎ. ಕೊನೆಯ ವರ್ಷದ ಐಚ್ಛಿಕ ಕನ್ನಡಕ್ಕೆ ಒಂದು ಅನುವಾದಿತ ಕಾದಂಬರಿ ಪಠ್ಯವಾಗಿತ್ತು. ಅದರಲ್ಲೊಂದು ಊರು. ಆ ಊರಿನಲ್ಲಿ ಯಾವ ಬಾಗಿಲಿಗೂ ಚಿಲಕವಿಲ್ಲ. ಚಿಲಕ ತೆಗೆಯಿರಿ ಎಂದು ಯಾರೂ ಆಜ್ಞೆ ಮಾಡಿರುವುದಿಲ್ಲ. ಒಂದು ಕಳ್ಳತನವಾದ ಮೇಲೆ, ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲವೆಂದು ಒಬ್ಬರು ತೆಗೆಯುತ್ತಾರೆ, ಅವರನ್ನು ನೋಡಿ ಪಕ್ಕದವರು ತೆಗೆಯುತ್ತಾರೆ. ಕೊನೆಗೆ ಒಬ್ಬ ಬಡಗಿಯ ಮನೆಯಲ್ಲಿ ಮಾತ್ರ ಚಿಲಕ ಉಳಿಯುತ್ತದೆ. ವಿಮರ್ಶಕರು ಇಂಥ ಬರಹವನ್ನು ಡಿಸ್ಟೋಪಿಯಾ ಎನ್ನುತ್ತಾರೆ. ತರಗತಿಯಲ್ಲಿ ನಾನು ಅದನ್ನು 'ಕೆಟ್ಟ ನಾಳೆಯ ಕಥೆ' ಎಂದು ಕರೆದೆ.

ಇಂಥ ಕಥೆಯನ್ನು ನೋಟ್ಸ್ ಬರೆಸಿ ಮುಗಿಸಿದರೆ ಉಳಿಯುವುದು ಬರೀ ನೀತಿಪಾಠ. ಅದಕ್ಕೇ ಓದಿನ ದಿನಚರಿ ಇಡಿಸಿದ್ದೆ. ಹತ್ತು ಪುಟ ಓದಿದಂತೆಲ್ಲ ನೋಟ್‌ಬುಕ್ಕಿನಲ್ಲಿ ತಮಗೆ ಹೊಳೆದದ್ದನ್ನು ಬರೆಯಬೇಕು, ವಾರಕ್ಕೆರಡು ಸಲ ಅದನ್ನಿಟ್ಟುಕೊಂಡು ಚರ್ಚೆ, ಆಂತರಿಕ ಅಂಕವೂ ಅದಕ್ಕೇ. ವಿಭಾಗದ ಮುಖ್ಯಸ್ಥರಿಗೆ ಮೊದಲ ದಿನದಿಂದಲೂ ಇದು ಸೇರಿರಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಹಳದಿಯಾದ ನೋಟ್ಸಿನ ಕಟ್ಟೊಂದನ್ನು ಹಿಡಿದು ಅದೆಷ್ಟೋ ವರ್ಷದಿಂದ ಪಾಠ ಮಾಡಿದವರು.

"ನೋಡ್ರಿ ಮೇಡಂ," ಎಂದರು, ನನ್ನ ಮೇಜಿನ ಮೇಲಿನ ರಾಶಿ ನೋಡಿ. "ಈ ಹುಡುಗ್ರಿಗೆ ಸ್ವಂತದ್ದು ಬರೀರಿ ಅಂದ್ರ ಗೈಡಿಂದ ಬರೀತಾರ. ಗೈಡಿಂದ ಬರೀರಿ ಅಂದ್ರ ಅದೂ ತಪ್ಪು ಬರೀತಾರ. ನೋಟ್ಸ್ ಕೊಟ್ಟ ಕೈ ತೊಳಕೋರಿ."

"ನಾ ಕೈ ತೊಳಕೊಳ್ಳಾಕ ಬಂದಿಲ್ರಿ ಸರ್," ಎಂದೆ. ಮುಂದಿನ ಒಂದು ವಾರ ಅವರು ನನ್ನೊಂದಿಗೆ ಮಾತಾಡಲಿಲ್ಲ.

ಮೂವತ್ತೊಂದು ನೋಟ್‌ಬುಕ್ಕನ್ನೂ ಅಂಕವಿಲ್ಲದೆ ಹಿಂದಿರುಗಿಸಿದೆ. ತರಗತಿ ಸಿಟ್ಟಾಯಿತು, ನಾನೂ ಸಿಟ್ಟಾಗಿದ್ದೆ. ಈ ಸಲ ಕಟ್ಟುನಿಟ್ಟು ಮಾಡಿದೆ. ಪುಟದ ನಡುವೆ ಗೆರೆ ಎಳೆಯಬೇಕು. ಎಡಗಡೆ ಕಾದಂಬರಿಯ ಒಂದು ವಾಕ್ಯ, ಪುಟಸಂಖ್ಯೆ ಸಹಿತ. ಬಲಗಡೆ ಮೂರು ಪ್ರಶ್ನೆಗೆ ಉತ್ತರ: ಇಲ್ಲಿ ಯಾವ ನಿಯಮ ನಡೆಯುತ್ತಿದೆ, ಅದನ್ನು ಯಾರು ಮಾಡಿದರು, ಅದರಿಂದ ಯಾರಿಗೆ ಏನಾಯಿತು. 'ಲೇಖಕರು' ಎಂಬ ಪದ ಎಲ್ಲೂ ಬರಕೂಡದು. ಚರ್ಚೆಯಲ್ಲಿ ಮಾತಾಡುವವರು ಮೊದಲು ತಮ್ಮ ಎಡಗಡೆಯ ವಾಕ್ಯ ಓದಬೇಕು, ಆಮೇಲೆ ಬಾಯಿ ತೆರೆಯಬೇಕು. ಬೆಂಚುಗಳನ್ನು ಗೋಡೆಗೆ ತಳ್ಳಿ ಸುತ್ತ ಕೂರಿಸಿದೆ.

ಎರಡು ತರಗತಿ ಮೌನದಲ್ಲಿ ಹೋದವು. ಮೂರನೆಯದರಲ್ಲಿ ಯೂನಿಯನ್ ಸೆಕ್ರೆಟರಿ ಎದ್ದು ನಿಂತ. ಊರಿನ ಬಟ್ಟೆ ವ್ಯಾಪಾರಿಯ ಮಗ, ಎತ್ತರದ ದನಿ, ಅವನು ನಕ್ಕರೆ ಹಿಂದಿನ ಎರಡು ಸಾಲು ನಗುತ್ತಿದ್ದವು. ನಿಯಮದಂತೆ ಮೊದಲು ವಾಕ್ಯ ಓದಿದ: 'ಆ ವರ್ಷದಿಂದ ಊರಿನಲ್ಲಿ ಕಳ್ಳತನವೆಂಬುದೇ ಇಲ್ಲವಾಯಿತು.'

"ಮೇಡಂ, ಈ ಊರು ಛಲೋನ ಐತಲ್ರಿ," ಎಂದ. "ಕಳ್ಳತನ ಇಲ್ಲ, ಗಂಡಾ-ಹೆಂಡ್ತಿ ಹೊಡದಾಟ ಇಲ್ಲ. ಕದಾ ಹಾಕ್ಕೊಳ್ಳಾವ್ರು ಯಾರ್ರಿ? ತಪ್ಪು ಮಾಡಾವ್ರು. ಈ ಬಡಿಗ್ಯಾಗ ಏನ್ ತ್ರಾಸ ಆಗೇತಿ?"

ಮುಕ್ಕಾಲು ತರಗತಿ ತಲೆಯಾಡಿಸಿತು. ನನಗೆ ಮೈ ಉರಿಯಿತು.

"ನೀ ಪುಸ್ತಕಾ ಓದಿಯೋ ಇಲ್ಲೋ?"

"ಓದೇನ್ರಿ. ಓದೇನಿ ಅಂತನ ಹೇಳಾಕತ್ತೇನಿ."

ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟ. ನಿಜವಾಗಿಯೂ ಓದಿದ್ದ. ಎಡಗಡೆ ವಾಕ್ಯಗಳಿದ್ದವು, ಪುಟಸಂಖ್ಯೆಗಳು ಸರಿಯಾಗಿದ್ದವು. ಬಲಗಡೆ ಆ ಊರಿನ ಲಾಭಗಳ ಪಟ್ಟಿ. ನಾನು ಅರ್ಧ ಗಂಟೆ ಭಾಷಣ ಮಾಡಿದೆ: ಸ್ವಾತಂತ್ರ್ಯ, ಖಾಸಗಿತನ, ವ್ಯಕ್ತಿಯ ಘನತೆ. ದೊಡ್ಡ ದೊಡ್ಡ ಪದಗಳನ್ನು ಒಂದೊಂದಾಗಿ ಎಸೆದೆ. ಯಾರೂ ಹಿಡಿಯಲಿಲ್ಲ. ಗಂಟೆ ಹೊಡೆದಾಗ ಅವನು ಗೆದ್ದು ಹೋದ.

ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಕೂತು ಅವನನ್ನು ಮನಸ್ಸಿನಲ್ಲೇ ಬೈದುಕೊಳ್ಳುವಾಗ ಒಂದು ವಿಷಯ ಹೊಳೆಯಿತು. ಆ ಊರು ಮೊದಲು ಎಲ್ಲರಿಗೂ ಚೆನ್ನಾಗಿಯೇ ಕಾಣಬೇಕು. ಕಾದಂಬರಿಯೊಳಗಿನ ಜನಕ್ಕೂ ಹಾಗೇ ಕಂಡಿತ್ತಲ್ಲ! ಅದು ಕೆಟ್ಟದ್ದೆಂದು ನಾನು ಮುಂಚೆಯೇ ಹೇಳಿಬಿಟ್ಟಿದ್ದೆ. ಸೆಕ್ರೆಟರಿ ತಪ್ಪು ಓದಿರಲಿಲ್ಲ, ಅವಸರ ಮಾಡಿದ್ದವಳು ನಾನು.

ಮುಂದಿನ ತರಗತಿಗೆ ಬೇರೆ ಕೆಲಸ ಕೊಟ್ಟೆ. "ಆ ಬಡಿಗ್ಯಾನ ಬೀದ್ಯಾಗ ಹನ್ನೊಂದು ಮನಿ ಅದಾವು. ಒಂದ್ ಮನಿ ಆರಿಸ್ಕೋರಿ. ಮುಂಜಾನೆ ಏಳೂದ್ರಿಂದ ಮಲಗೂತನಕ ಅಲ್ಲಿ ನಿಮ್ಮ ಒಂದು ದಿನ ಬರೀರಿ. ಊರು ಛಲೋ ಅನ್ನಿಸಿದ್ರ ಛಲೋ ಅಂತನ ಬರೀರಿ."

ಆ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಸೆಕ್ರೆಟರಿಯ ದಿನ ಒಂಬತ್ತು ಸಾಲಿನಲ್ಲಿ ಮುಗಿಯಿತು: ಎದ್ದ, ಚಹಾ ಕುಡಿದ, ಅಂಗಡಿಗೆ ಹೋದ, ಗೆಳೆಯರ ಜೊತೆ ಕಟ್ಟೆಯ ಮೇಲೆ ಕೂತ. ಆಮೇಲೆ ಒಬ್ಬೊಬ್ಬರಾಗಿ ಓದುತ್ತ ಬಂದರು. ಕೊನೆಗೆ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗಿ ಸಣ್ಣ ದನಿಯಲ್ಲಿ ಓದಿದಳು: 'ನಾನು ಜಳಕ ಮಾಡುವ ತನಕ ಅಮ್ಮೀ ಕದಕ್ಕೆ ಬೆನ್ನು ಕೊಟ್ಟು ಕೂಡುತ್ತಾಳೆ. ಅಮ್ಮೀ ಜಳಕ ಮಾಡುವಾಗ ನಾನು ಕೂಡುತ್ತೇನೆ. ಅಮ್ಮೀಗೆ ಜಡ್ಡಾದ ವಾರ ನಾನು ಜಳಕ ಮಾಡಲಿಲ್ಲ.'

ಹಿಂದಿನ ಸಾಲುಗಳು ನಕ್ಕವು. ಓದಿದವಳು ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡಳು. ಆಗ ಕುಪ್ಪೇಲೂರಿನ ಹುಡುಗಿ ಎದ್ದಳು. ರೈತರ ಮಗಳು, ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿದ್ದನ್ನು ನಾನು ಕೇಳಿರಲಿಲ್ಲ.

"ನಗಬ್ಯಾಡ್ರಿ," ಎಂದಳು. "ನಿಮ್ಮ ನಿಮ್ಮ ದಿನಾ ತಗದು ನೋಡ್ಕೋರಿ. ನೀವು ಬರದ ದಿನದಾಗ ಕದಾನ ಬಂದಿಲ್ಲ. ನಾವು ಹುಡಿಗ್ಯಾರು ಬರದಿದ್ರಾಗ ಒಂದು ದಿನಾನೂ ಕದಾ ಇಲ್ದ ಇಲ್ಲ."

ಹಾಳೆ ತಿರುವುವ ಸದ್ದು. ಗಂಡು ಹುಡುಗರು ಹುಡುಕಿದರು. ಬಾಗಿಲು ಎಂಬ ಪದ ಇಬ್ಬರ ಬರಹದಲ್ಲಿ ಮಾತ್ರ ಇತ್ತು. ಸೆಕ್ರೆಟರಿ ತನ್ನ ಒಂಬತ್ತು ಸಾಲನ್ನು ಎರಡು ಸಲ ಓದಿಕೊಂಡ. ಅವನ ಕಿವಿಗಳು ಕೆಂಪಾಗಿದ್ದವು. ಆ ದಿನ ನಾನು ಭಾಷಣ ಮಾಡಲಿಲ್ಲ.

ಶನಿವಾರ ನೋಟ್‌ಬುಕ್ಕುಗಳನ್ನು ಸಂಗ್ರಹಿಸಿದೆ. ಕುಪ್ಪೇಲೂರಿನ ಹುಡುಗಿಯ ದಿನಚರಿಯಲ್ಲಿ ಕಾದಂಬರಿಯ ಊರು ಅರ್ಧ ಪುಟಕ್ಕೇ ಮುಗಿದು ಹಾಸ್ಟೆಲು ಶುರುವಾಗಿತ್ತು. ಹುಡುಗಿಯರು ಒಳಗೆ ನಿಂತು ಮೊಬೈಲಿನಲ್ಲಿ ಮಾತಾಡುತ್ತಾರೆಂದು ವಾರ್ಡನ್ನು ಬಚ್ಚಲುಮನೆಯ ಚಿಲಕಗಳನ್ನು ಕೀಳಿಸಿದ್ದರು. ಎರಡು ತಿಂಗಳಾಗಿತ್ತು. ಯಾರೂ ದೂರು ಕೊಟ್ಟಿರಲಿಲ್ಲ. ದೂರು ಕೊಟ್ಟವಳ ಹತ್ತಿರ ಮೊಬೈಲ್ ಇದೆ ಎಂದಾಗುತ್ತದಲ್ಲ! ಪುಟದ ಕೊನೆಗೆ ಒಂದು ಸಾಲು ನನಗೇ ಬರೆದಿದ್ದಳು: 'ಮೇಡಂ, ಈ ನೋಟ್‌ಬುಕ್ಕಿಗೂ ಚಿಲಕ ಇಲ್ಲ. ಬರೆಯಬೇಕಾಗಿದ್ದು ಇನ್ನೂ ಇತ್ತು, ನೀವು ಓದುತ್ತೀರಿ ಎಂದು ಬರೆದಿಲ್ಲ.'

ಆ ಸಾಲಿನ ಪಕ್ಕ ನನ್ನ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಏನು ಹಾಕಲಿ, ಸರಿ ಚಿಹ್ನೆಯೇ? ಮೂವತ್ತೊಂದು ಜನರ ಮನಸ್ಸನ್ನು ವಾರವಾರ ಕಟ್ಟಿ ತಂದು ಅಂಕ ಹಾಕುತ್ತಿದ್ದವಳು ನಾನು.

ಸೋಮವಾರ ಒಂದು ಸ್ಟೇಪ್ಲರ್ ಒಯ್ದು ಮೇಜಿನ ಮೇಲೆ ಇಟ್ಟೆ. ನಾನು ಓದಬಾರದೆನ್ನುವ ಹಾಳೆಯನ್ನು ಮಡಚಿ ಪಿನ್ ಹೊಡೆಯಿರಿ ಎಂದೆ. ಬರೆದಿದ್ದೀರೋ ಇಲ್ಲವೋ ಅಷ್ಟನ್ನು ಮಾತ್ರ ಹೊರಗಿನಿಂದ ನೋಡುತ್ತೇನೆ ಎಂದೆ. ಆ ವಾರದಿಂದ ನೋಟ್‌ಬುಕ್ಕುಗಳು ದಪ್ಪವಾಗತೊಡಗಿದವು. ಚರ್ಚೆಗಳು ಚೂಪಾದವು. ಬಡಗಿ ಚಿಲಕವನ್ನು ಯಾಕೆ ಬಿಡುವುದಿಲ್ಲ ಎಂಬ ಬಗ್ಗೆ ಒಂದು ಗಂಟೆ ಜಗಳ ನಡೆಯಿತು. ನಾನು ಸುಮ್ಮನೆ ಕಿಟಕಿಗೆ ಒರಗಿ ನಿಂತಿದ್ದೆ. ಹಾಸ್ಟೆಲಿನ ವಿಷಯವಾಗಿ ಪ್ರಾಂಶುಪಾಲರನ್ನು ಕಾಣಲೇ ಎಂದು ಕುಪ್ಪೇಲೂರಿನ ಹುಡುಗಿಯನ್ನು ಕೇಳಿದೆ. "ಈಗ ಬ್ಯಾಡ್ರಿ ಮೇಡಂ," ಎಂದಳು. ನಾನೂ ಬಿಟ್ಟೆ. ಅದು ಅವಳ ಮೇಲಿನ ಗೌರವವೋ ನನ್ನ ಪುಕ್ಕಲುತನವೋ, ಈಗಲೂ ಖಚಿತವಿಲ್ಲ.

ಆಂತರಿಕ ಅಂಕಗಳ ಪಟ್ಟಿಗೆ ಸಹಿ ಮಾಡುವ ಮುನ್ನ ವಿಭಾಗದ ಮುಖ್ಯಸ್ಥರು ನನ್ನ ಕಪಾಟು ತೆರೆದು ನೋಡಿದರು. ಅದರ ಇನ್ನೊಂದು ಕೀಲಿಕೈ ಅವರ ಹತ್ತಿರವೇ ಇರುತ್ತಿತ್ತು. ಮಧ್ಯಾಹ್ನ ನನಗೆ ಪ್ರಾಂಶುಪಾಲರ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ಕುಪ್ಪೇಲೂರಿನ ಹುಡುಗಿಯ ನೋಟ್‌ಬುಕ್ಕಿತ್ತು. ಪಿನ್ ಇನ್ನೂ ಬಿಚ್ಚಿರಲಿಲ್ಲ, ಆದರೆ ಹಾಸ್ಟೆಲಿನ ಬಗ್ಗೆ ಬರೆದ ಆ ಹಳೆಯ ಪುಟ ಬಿಚ್ಚಿಯೇ ಇತ್ತಲ್ಲ! ವಾರ್ಡನ್ನು ಎದುರಿನ ಕುರ್ಚಿಯಲ್ಲಿ ಸೆರಗು ಬಿಗಿದು ಕೂತಿದ್ದರು. ವಿಭಾಗದ ಮುಖ್ಯಸ್ಥರು ನಿಂತಿದ್ದರು. ನನಗೆ ಯಾರೂ ಕೂಡ್ರಿ ಎನ್ನಲಿಲ್ಲ.

"ಈ ಪಿನ್ನಿನ ಒಳಗ ಏನೈತ್ರಿ ಮೇಡಂ?" ಪ್ರಾಂಶುಪಾಲರು ಕೇಳಿದರು.

"ನನಗ ಗೊತ್ತಿಲ್ಲ ಸರ್."

"ನಿಮಗ ಗೊತ್ತಿಲ್ದಿದ್ದಕ್ಕ ನೀವು ಅಂಕ ಹೆಂಗ ಕೊಟ್ರಿ?"



"ಮೂರೂ ಹೊತ್ತು ಈ ಹುಡಿಗ್ಯಾರನ್ನ ಕಾಯಾಕಿ ನಾನು," ವಾರ್ಡನ್ನು ನನ್ನ ಕಡೆ ತಿರುಗಿದರು. "ನಾಳೆ ಯಾವಾಕಿಗರ ಏನರ ಆದ್ರ ಅವರಪ್ಪ ಬಂದು ನನ್ನ ಕೊಳ್ಳಿಗೆ ಬೀಳ್ತಾನ, ನಿಮ್ಮ ಕೊಳ್ಳಿಗಲ್ಲ. ನೀವು ನಾಕ ಗಂಟೆ ಬಸ್ಸಿಗೆ ಬ್ಯಾಡಗಿಗೆ ಹೋಗಾವ್ರು."

"ಬಚ್ಚಲಾಗ ಚಿಲಕ ಇರೂದಕ್ಕೂ ಅದಕ್ಕೂ ಏನ್ ಸಂಬಂಧರಿ?" ಎಂದೆ.

"ಮೇಡಂ!" ಪ್ರಾಂಶುಪಾಲರು ಮೇಜು ಬಡಿದರು. "ಅಂಕ ಕೊಟ್ಟ ಮ್ಯಾಲ ಇವು ಕಾಲೇಜಿನ ದಾಖಲೆ. ನಾಳೆ ಹನ್ನೊಂದಕ್ಕ ಹಾವೇರಿಯಿಂದ ಆಡಳಿತ ಮಂಡಳಿಯವರು ಬರ್ತಾರ. ಅಷ್ಟರೊಳಗ ಎಲ್ಲಾ ನೋಟ್‌ಬುಕ್ಕೂ ಪಿನ್ ತಗದು ಇಲ್ಲಿರಬೇಕು. ಮತ್ಯಾರು ಮತ್ತೇನು ಬರದಾರ ನೋಡೂಣು."

ಹೊರಬರುವಾಗ ಮೇಜಿನ ಮೇಲಿನ ಆ ನೋಟ್‌ಬುಕ್ಕನ್ನು ಎತ್ತಿಕೊಂಡೆ. "ಪಿನ್ ತಗದು ತರ್ತೀರಿ ಹೌದಲ್ರಿ?" ಎಂದು ಅವರು ಕೇಳಿದರು. ನಾನು ಹೂಂ ಎನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ನೋಟ್‌ಬುಕ್ಕುಗಳನ್ನು ಬ್ಯಾಡಗಿಗೆ ಒಯ್ದರೆ ನಾನು ಕಾಲೇಜಿನ ದಾಖಲೆ ಕದ್ದವಳಾಗುತ್ತೇನೆ. ಕಪಾಟಿನಲ್ಲಿಟ್ಟರೆ ಇನ್ನೊಂದು ಕೀಲಿಕೈ ಇದೆ. ಮೂರು ಗಂಟೆಗೆ ತರಗತಿಯಿತ್ತು. ಮೂವತ್ತೊಂದನ್ನೂ ಎರಡು ಸಲಕ್ಕೆ ಹೊತ್ತುಕೊಂಡು ಹೋಗಿ ಅವರವರ ಕೈಗೆ ಕೊಟ್ಟೆ. ನಡೆದದ್ದನ್ನು ಹೇಳಿದೆ, ಯಾರ ಹೆಸರನ್ನೂ ತೆಗೆಯಲಿಲ್ಲ.

"ಇವು ನಿಮ್ಮವು. ನಾಳೆ ಪ್ರಾಂಶುಪಾಲ್ರಿಗೆ ಕೊಡ್ರಿ ಅಂತಾನೂ ನಾ ಹೇಳೂದಿಲ್ಲ, ಬ್ಯಾಡ ಅಂತಾನೂ ಹೇಳೂದಿಲ್ಲ. ಕೊಡದಿದ್ರ ಅಂಕ ಹೋಗಬಹುದು."

ಗದ್ದಲವೆದ್ದಿತು. ಬೈಗುಳವೆಲ್ಲ ನನಗೇ. ಮೂರು ತಿಂಗಳು ಬರೆಸಿ ಈಗ ನಡುನೀರಿನಲ್ಲಿ ಕೈಬಿಟ್ಟಿರಿ ಎಂದರು. ಗೈಡಿನಿಂದ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದರು. ಅದು ನಿಜವೇ. ಕುಪ್ಪೇಲೂರಿನ ಹುಡುಗಿ ತಲೆ ಎತ್ತಲಿಲ್ಲ.

ಸೆಕ್ರೆಟರಿ ಎದ್ದ. "ನನ್ನ ನೋಟ್‌ಬುಕ್ಕಿನಾಗ ಒಂದೂ ಪಿನ್ ಇಲ್ಲ. ನನಗ ಮುಚ್ಚಿಡಾಕ ಏನೂ ಇಲ್ಲ. ನಾ ನಾಳೆ ಕೊಡಾವನ. ಪಿನ್ ಇದ್ದಾವ್ರು ತಮ್ಮದು ತಾವು ನೋಡ್ಕೋರಿ." ಹಿಂದಿನ ಸಾಲುಗಳಿಂದ ಹೌದು ಹೌದೆಂಬ ದನಿಗಳು.

ಅವನು ಕೂಡಲಿಲ್ಲ. ನಿಂತೇ ಇದ್ದ. ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದ. ಅವನ ಮುಖ ಬದಲಾದದ್ದನ್ನು ನಾನು ಕಂಡೆ.

"ತಡೀರಿ," ಎಂದ, ಈ ಸಲ ಸಣ್ಣ ದನಿಯಲ್ಲಿ. "ನಾ ಕೊಟ್ಟೆ ಅಂದ್ರ... ಕೊಡದ ಇದ್ದಾವ್ರು ಯಾರು ಅಂತ ಗೊತ್ತಾಕ್ಕೈತಿ."

ಹಿಂದಿನ ಸಾಲುಗಳ ಕಡೆ ತಿರುಗಿದ.

"ಆ ಊರಾಗೂ ಹಿಂಗ ಆತಲ್ರಿ," ಎಂದ. "ಮೊದಲನೇದಾಂವ ಕೆಟ್ಟಾಂವ ಅಲ್ಲ. ಅಂವಗ ಮುಚ್ಚಿಡಾಕ ಏನೂ ಇದ್ದಿದ್ದಿಲ್ಲ, ಅಷ್ಟ. ಅಂವ ಚಿಲಕ ತಗದದ್ದಕ್ಕ ಉಳದಾವ್ರು ಸಿಕ್ಕೊಂಡ್ರು."

ಮೂರು ತಿಂಗಳಿನಿಂದ ನಾನು ಕಲಿಸಲು ಹೆಣಗಿದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿದ. ನನಗೆ ಖುಷಿಯಾಗಬೇಕಿತ್ತು. ಅವನು ನನ್ನ ಕಡೆ ತಿರುಗಿ, "ನಿಮ್ಮ ದೆಸಿಂದ ನನ್ನ ಅಂಕ ಹೊಕ್ಕಾವು ಮೇಡಂ, ಇದನ್ನ ನಾ ಮರ್ಯಾಂಗಿಲ್ಲ," ಎಂದು ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿ ಹೊರಗೆ ನಡೆದ.

ಮರುದಿನ ಪ್ರಾಂಶುಪಾಲರ ಮೇಜಿಗೆ ನಾಲ್ಕು ನೋಟ್‌ಬುಕ್ಕು ಬಂದವು. ನಾಲ್ವರನ್ನೂ ನಾನು ದೂರುವುದಿಲ್ಲ. ಒಬ್ಬಳ ತಂದೆ ಜೊತೆಗೇ ಬಂದು ಕೊಡಿಸಿದ. ಸೆಕ್ರೆಟರಿಯದು ಬರಲಿಲ್ಲ.

ಹಾವೇರಿಯಿಂದ ಬಂದ ಮಂಡಳಿಯ ಸದಸ್ಯರು ಒಬ್ಬ ವಯಸ್ಸಾದ ವಕೀಲರು. ನನ್ನನ್ನು ಹತ್ತು ನಿಮಿಷ ಪ್ರಶ್ನಿಸಿದರು. ನೋಟ್‌ಬುಕ್ ಹಿಂದಿರುಗಿಸಿದ್ದು ಶಿಸ್ತುಭಂಗವೆಂದರು. ಅಷ್ಟರಲ್ಲಿ ಕುಪ್ಪೇಲೂರಿನ ಹುಡುಗಿ ಹಾಸ್ಟೆಲಿನ ಇನ್ನಿಬ್ಬರನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಳು. ನಾನು ಕರೆಸಿರಲಿಲ್ಲ. ಹುಡುಗಿಯರ ಕೈಯಲ್ಲಿ ನೋಟ್‌ಬುಕ್ಕಿರಲಿಲ್ಲ. ಬಚ್ಚಲಿನ ಚಿಲಕದ ವಿಷಯವನ್ನು ನಿಂತಲ್ಲೇ ಹೇಳಿದಳು.

"ಇದನ್ನ ದಿನಚರ್ಯಾಗ ಬರದಾಕಿ ನೀನೇನು?" ವಕೀಲರು ಕೇಳಿದರು.

"ಎಲ್ಲಿ ಬರದೇನಿ, ಯಾರು ಬರದಾರ ಅನ್ನೂದು ಬ್ಯಾಡ್ರಿ ಸಾಹೇಬ್ರ. ಚಿಲಕ ಇಲ್ಲ ಅನ್ನೂದು ಖರೇ ಐತೋ ಸುಳ್ಳ ಐತೋ, ಇಲ್ಲಿಂದ ನಾಕ ಹೆಜ್ಜಿ, ಹೋಗಿ ನೋಡ್ರಿ."

ಅವರು ಎದ್ದು ಹೋಗಿ ನೋಡಿದರು. ಅದೊಂದನ್ನು ಅವರ ಪರವಾಗಿ ಹೇಳಬೇಕು. ಅದೇ ವಾರ ಚಿಲಕಗಳನ್ನು ಹಾಕಿಸಿದರು. ವಾರ್ಡನ್ನು ವಾರ್ಡನ್ನಾಗಿಯೇ ಮುಂದುವರಿದರು. ದಿನಚರಿಯ ಅಂಕಗಳು ರದ್ದಾದವು. ವಿಭಾಗದ ಮುಖ್ಯಸ್ಥರು ಒಂದು ಗಂಟೆಯ ಕಿರುಪರೀಕ್ಷೆ ಮಾಡಿ ಹೊಸ ಅಂಕ ಕೊಟ್ಟರು. 'ಕಾದಂಬರಿಯ ಸಾರಾಂಶವನ್ನು ಬರೆಯಿರಿ' ಎಂಬುದು ಮೊದಲ ಪ್ರಶ್ನೆ. ಗೈಡು ಓದಿದವರಿಗೆ ಹೆಚ್ಚು ಅಂಕ ಬಿದ್ದವು. ಮುಂದಿನ ಸೆಮಿಸ್ಟರಿಗೆ ನನ್ನ ಅಗತ್ಯವಿಲ್ಲವೆಂದು ಎರಡು ಸಾಲಿನ ಪತ್ರ ಕೈಗೆ ಬಂತು.

ಕುಪ್ಪೇಲೂರಿನ ಹುಡುಗಿಯನ್ನು ಅವಳ ತಂದೆ ಹಾಸ್ಟೆಲಿನಿಂದ ಬಿಡಿಸಿಕೊಂಡು ಹೋದರು. ನನ್ನನ್ನು ಹುಡುಕಿಕೊಂಡು ಬಂದು ಕಾಲೇಜಿನ ಅಂಗಳದಲ್ಲೇ ಹೇಳಿದರು: "ಓದಾಕ ಕಳಿಸಿದ್ವಿರಿ ಅಕ್ಕಾರ. ಊರ ಮಂದಿ ಬಾಯಾಗ ಬಚ್ಚಲದ ಸುದ್ದಿ ಆಗಲಿ ಅಂತ ಕಳಿಸಿದ್ದಿಲ್ಲ." ಉಳಿದ ದಿನಗಳಲ್ಲಿ ಅವಳು ಊರಿನಿಂದ ಬಸ್ಸಿಗೆ ಓಡಾಡಿದಳು. ಮೊದಲ ತಾಸು ದಿನಾ ತಪ್ಪುತ್ತಿತ್ತು.

ಕೊನೆಯ ಪರೀಕ್ಷೆ ಮುಗಿದ ದಿನ ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಹತ್ತಿರ ಹೋದೆ. ಬಹುಶಃ ನಾಲ್ಕು ಒಳ್ಳೆಯ ಮಾತು ಕೇಳಬೇಕೆಂಬ ಆಸೆಯೂ ಇತ್ತು.

"ಧೈರ್ಯಾ ಮಾಡಿದಿ ನೋಡವಾ," ಎಂದೆ.

ಅವಳು ನಗಲಿಲ್ಲ. "ಬರಿ ಅಂದಾವ್ರೂ ನೀವ, ಪಿನ್ ಹೊಡಿ ಅಂದಾವ್ರೂ ನೀವ ಮೇಡಂ. ಆ ಪಿನ್ ಕಂಡಿದ್ದಕ್ಕ ಅವ್ರು ಒಳಗ ಹುಡುಕಿದ್ರು. ನೋಟ್‌ಬುಕ್ ನಮ್ಮ ಹತ್ರನ ಬಿಟ್ಟಿದ್ರ ಯಾರ ಕೈಗೂ ಸಿಗತಿದ್ದಿಲ್ಲ."

"ಅಂಕ ಕೊಡಾಕ ಬೇಕಾಗಿತ್ತಲ್ಲ," ಎಂದೆ.

"ಹೌದ್ರಿ. ನಿಮಗೂ ನೋಡಬೇಕಾಗಿತ್ತು," ಎಂದಳು. ಕುಪ್ಪೇಲೂರಿನ ಬಸ್ಸು ಬಂತು. ಹತ್ತಿ ಕೂತಳು, ಕಿಟಕಿಯಿಂದ ತಿರುಗಿ ನೋಡಲಿಲ್ಲ. ಅವಳ ಮಾತಿಗೆ ಎದುರುತ್ತರ ಹುಡುಕುವ ಕೆಲಸವನ್ನು ನಾನು ಬ್ಯಾಡಗಿ ತಲುಪುವ ಮುಂಚೆಯೇ ಬಿಟ್ಟೆ.

ಮರುವರ್ಷ ಹಾವೇರಿಯ ಬೇರೊಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪಠ್ಯ ಅದೇ. ಓದಿನ ದಿನಚರಿಯನ್ನು ಅಲ್ಲೂ ಇಡಿಸಿದೆ: ನಡುವೆ ಗೆರೆ, ಎಡಗಡೆ ವಾಕ್ಯ, ಬಲಗಡೆ ಮೂರು ಪ್ರಶ್ನೆ. ಆದರೆ ನೋಟ್‌ಬುಕ್ಕನ್ನು ನಾನು ಮುಟ್ಟುವುದಿಲ್ಲ, ಚರ್ಚೆಯಲ್ಲಿ ಯಾರು ಏನನ್ನು ತಾವಾಗಿ ಓದಿ ಹೇಳುತ್ತಾರೋ ಅದಕ್ಕಷ್ಟೇ ಅಂಕ ಎಂದು ಮೊದಲ ದಿನವೇ ಹೇಳಿದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅನುಮಾನದಿಂದ ಕೈ ಎತ್ತಿದಳು. "ನೀವು ತಗದು ನೋಡೂದಿಲ್ಲ ಅಂದ್ರ, ನಾವು ಖರೇನ ಬರದೇವೋ ಇಲ್ಲೋ ಅಂತ ನಿಮಗ ಹೆಂಗ ಗೊತ್ತಾಕ್ಕೈತ್ರಿ ಮೇಡಂ?"

"ಗೊತ್ತಾಗೂದಿಲ್ಲ," ಎಂದೆ.